ಲಕ್ಕಮ್ಮ ಬಿಲ್ ಕಳಿಸಿರಲಿಲ್ಲ

ಕಳೆದ ವಾರ ಸೇಡಂನಲ್ಲಿ ಬಂಧುಗಳ ಮನೆಯ ವಾಸ್ತುಶಾಂತಿಗೆ ಹೋಗಿದ್ದೆ. ಹೊಸ ಮನೆಯೇನಲ್ಲ, ಹಳೆಯದನ್ನೇ ಒಳಗಿನಿಂದ ಹೊಸದು ಮಾಡಿದ್ದಾರೆ. ಹಿರಿಯ ಮಗ ಬಾಗಿಲಲ್ಲೇ ಹಿಡಿದುಕೊಂಡ. ‘ಕಾಕಾ, ಇದಕ್ಕ ವಾರ್ಮ್ ಮಿನಿಮಲ್ ಅಂತಾರ. ಹೈದರಾಬಾದಿನಿಂದ ಡಿಸೈನರ್ ಕರೆಸೀವಿ.’ ಗೋಡೆಗಳಿಗೆಲ್ಲ ಗೋಧಿ ಹಿಟ್ಟಿನ ಬಣ್ಣ. ಫಾಲ್ಸ್ ಸೀಲಿಂಗಿನ ಅಂಚಿನಲ್ಲಿ ಅಡಗಿ ಕುಳಿತ ಹಳದಿ ಬೆಳಕು. ಒಂದು ಸೋಫಾ, ಒಂದು ಮಣ್ಣಿನ ಹೂಜಿ, ಹೂಜಿಯೊಳಗೆ ಒಣಗಿದ ಹುಲ್ಲು. ದೀಪ ಇಡುತ್ತಿದ್ದ ಗೋಡೆಯ ಮಾಡಗಳನ್ನು ಮುಚ್ಚಿಸಿ, ಆಮೇಲೆ ಪ್ಲೈವುಡ್ಡಿನಲ್ಲಿ ಬೇರೆ ಮಾಡ ಮಾಡಿಸಿ ಅದಕ್ಕೆ ಎಲ್‌ಇಡಿ ಹಚ್ಚಿದ್ದಾರೆ. ಕ್ಯಾಲೆಂಡರ್ ತೂಗಲು ಇಡೀ ಮನೆಯಲ್ಲಿ ಒಂದು ಮೊಳೆ ಇಲ್ಲ.

ಅವ್ವ ಎಲ್ಲಿ ಎಂದು ಕೇಳಿದೆ. ಮೇಲಿನ ಖೋಲಿಯಲ್ಲಿದ್ದರು. ಅವರ ಟ್ರಂಕು, ಕೌದಿಯ ಗಂಟು, ಶರಣಬಸವೇಶ್ವರರ ಫೋಟೊ ಯಾವುದೂ ಕೆಳಗೆ ಹೊಂದುವುದಿಲ್ಲ ಎಂದು ಡಿಸೈನರ್ ಹೇಳಿದ ಮೇಲೆ ಸಾಮಾನಿನ ಜೊತೆ ಅವರೂ ಮೆಟ್ಟಿಲು ಹತ್ತಿದ್ದಾರೆ. ಎಂಬತ್ತರ ಮಂಡಿ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಊರು. ತಲೆಯ ಮೇಲೆ ಆರ್‌ಸಿಸಿ. ‘ಕೆಳಗ ಛಲೋ ಆಗ್ಯಾದ, ಖರೆ ಕುಂದರಲಾಕ ಜಾಗಾ ಇಲ್ಲ’ ಎಂದರು. ಅವರ ದನಿಯಲ್ಲಿ ದೂರೇನೂ ಇರಲಿಲ್ಲ, ಸಿಟ್ಟು ಬಂದದ್ದು ನನಗೆ.

ಆ ಸಿಟ್ಟು ನೆಲ ನೋಡಿ ಇನ್ನಷ್ಟು ಏರಿತು. ಆ ಮನೆಯಲ್ಲಿ ಅಜ್ಜನ ಕಾಲದ ಫರಸಿ ಕಲ್ಲಿನ ನೆಲ ಇತ್ತು. ಬೇಸಿಗೆಯ ಮಧ್ಯಾಹ್ನ ನೀರು ಚಿಮುಕಿಸಿ ನಾವು ಹುಡುಗರು ಬರಿಮೈಯಲ್ಲಿ ಬೋರಲು ಬೀಳುತ್ತಿದ್ದೆವು. ಬ್ರೇಕರ್ ಹಚ್ಚಿ ಅದನ್ನು ಒಡೆಸಿ, ಟ್ರ್ಯಾಕ್ಟರಿಗೆ ತುಂಬಿ, ರಸ್ತೆಯ ಗುಂಡಿಗೆ ಸುರಿಸಿದ್ದಾರೆ. ಅದರ ಜಾಗಕ್ಕೆ ಬಂದಿರುವುದು ಫರಸಿಯ ಚಿತ್ರ ಅಚ್ಚೊತ್ತಿದ ಬೂದು ಟೈಲ್ಸು, ಗುಜರಾತಿನ ಮೊರ್ಬಿಯ ಮಾಲು. ಅಸಲಿ ಫರಸಿ ಏಳುವ ಶಹಾಬಾದ್ ಸೇಡಂನಿಂದ ತಾಸೊಪ್ಪತ್ತಿನ ದಾರಿ.

ಶಹಾಬಾದ್ ಎಂಬ ಊರು ಎಲ್ಲಿದೆ ಎಂದು ಗೊತ್ತಿಲ್ಲದ ಪುಣೆ, ಮುಂಬೈಯ ಜನರೂ ಶಹಾಬಾದಿ ಫರಸಿ ಎಂದರೆ ಗುರುತು ಹಿಡಿಯುತ್ತಾರೆ. ಭೀಮಾ ಸೀಮೆಯ ಈ ಸುಣ್ಣದ ಕಲ್ಲು ನೆಲದೊಳಗೆ ಪದರು ಪದರಾಗಿ ಮಲಗಿದೆ. ಸಂದಿಗೆ ಹಾರೆ ಕೊಟ್ಟು ಮೀಟಿದರೆ ಹಲಗೆಯ ಹಾಗೆ ಏಳುತ್ತದೆ. ವಾಡಿ, ಶಹಾಬಾದ್ ಸುತ್ತಿನ ಹಳ್ಳಿಗಳಲ್ಲಿ ಗೋಡೆ, ಛಾವಣಿ, ಬಚ್ಚಲು, ಹೊಲದ ಬೇಲಿ ಎಲ್ಲಕ್ಕೂ ಅದೇ. ಚಿತ್ತಾಪುರ ತಾಲ್ಲೂಕಿನ ಕನಗನಹಳ್ಳಿಯ ಸ್ತೂಪದಲ್ಲಿ ಸುಮಾರು ಎರಡು ಸಾವಿರ ವರ್ಷದ ಹಿಂದೆ ಅಶೋಕನನ್ನು ಹೆಸರಿನ ಸಮೇತ ಕಡೆದದ್ದೂ ಸುಣ್ಣದ ಕಲ್ಲಿನ ಮೇಲೆಯೇ. ಪಕ್ಕದ ಸನ್ನತಿಯಲ್ಲಿ 1986ರಲ್ಲಿ ಕಾಳಿ ಗುಡಿಯ ಛಾವಣಿ ಕುಸಿಯಿತು. ಆಮೇಲೆ ತಿಳಿದದ್ದು, ದೇವಿಯ ಪೀಠಕ್ಕೆ ಹಾಕಿದ್ದ ಕಲ್ಲಿನ ಮೇಲೆ ಅಶೋಕನ ಶಾಸನವಿದೆ ಎಂದು! ಚಕ್ರವರ್ತಿಯ ಓದಲು ಬಾರದ ಅಪ್ಪಣೆಯನ್ನೂ ಎಸೆಯದೆ ಪೀಠಕ್ಕೆ ಹಚ್ಚಿದವರ ನಾಡಿದು. ಓದಿದ ಮೊಮ್ಮಗ ಅಜ್ಜನ ಕಲ್ಲನ್ನು ಗುಂಡಿಗೆ ಹಾಕಿಸಿದ.

ಫರಸಿಗೆ ದೋಷವಿಲ್ಲವೆಂದಲ್ಲ. ಹುಣಸೆಹುಳಿ, ನಿಂಬೆರಸ ಬಿದ್ದರೆ ಕಲೆ ಉಳಿಯುತ್ತದೆ. ಸಂದಿಯಲ್ಲಿ ಮಣ್ಣು ಕೂರುತ್ತದೆ. ದಿನಾ ನೆಲ ಒರೆಸುವ ಹೆಂಗಸರು ಟೈಲ್ಸೇ ಬೇಕೆಂದರೆ ನಾನು ಬಾಯಿ ತೆರೆಯುವುದಿಲ್ಲ. ಆದರೆ ಇಲ್ಲಿ ಕೇಳಿದವರು ಅವರಲ್ಲ. ಹುಡುಗ ಮೊಬೈಲಿನಲ್ಲಿ ಬೆಂಗಳೂರಿನ ಯಾವುದೋ ಮನೆಯ ಫೋಟೊ ನೋಡಿ ಹಂಗೇ ಬೇಕು ಎಂದಿದ್ದಾನೆ. ಆ ಫೋಟೊ ನನಗೂ ತೋರಿಸಿದ. ದೊಡ್ಡದು ಮಾಡಿ ನೋಡಿದೆ. ಅಲ್ಲಿ ಹಾಸಿದ್ದು ಅಪ್ಪಟ ಶಹಾಬಾದ್ ಕಲ್ಲು!

ಗೋಡೆಗೆ ಬಳಿದದ್ದೂ ಡಬ್ಬಿಯಲ್ಲಿ ಬಂದ ಸುಣ್ಣ, ಡಿಸೈನರ್ ಹೇಳಿದ ಕಂಪನಿಯದು. ಸುಣ್ಣದ ಕಲ್ಲಿನ ಮೇಲೇ ಕುಳಿತ, ಅದೇ ಕಲ್ಲು ಸುಟ್ಟು ಸಿಮೆಂಟ್ ಮಾಡುವ ಚಿಮಣಿಗಳು ನಿಂತ ತಾಲ್ಲೂಕು ಇದು. ಇರಲಿ ಬಿಡಿ, ಆ ಬಿಳಿ ಲಿನನ್ ಪರದೆಗಳಿಗೆ ಕಾರ್ಖಾನೆಯ ಧೂಳು ಬೇಗ ತನ್ನದೇ ಬಣ್ಣ ಹಚ್ಚುತ್ತದೆ, ಅದಕ್ಕೆ ಡಿಸೈನರ್ ಬೇಕಾಗುವುದಿಲ್ಲ.

ಊಟಕ್ಕೆ ಕೂತಾಗ ಪಕ್ಕದವರು, ‘ನಮ್ಮ ಶರಣರು ಹೇಳಿದ್ದೂ ಇದೇ ಅಲ್ಲೇನ್ರೀ, ಕಡಿಮಿಯೊಳಗ ಇರಬೇಕು ಅಂತ’ ಎಂದರು. ಹೋಳಿಗೆ ಗಂಟಲಲ್ಲಿ ನಿಂತಿತು. ಶರಣೆ ಆಯ್ದಕ್ಕಿ ಲಕ್ಕಮ್ಮ ಗಂಡ ಮಾರಯ್ಯನನ್ನು ತಿರುಗಿ ಕಳಿಸಿದ್ದು ಆಯ್ದು ತಂದದ್ದರಲ್ಲಿ ಹೆಚ್ಚಾದ ಅಕ್ಕಿಯನ್ನು ಇದ್ದಲ್ಲೇ ಸುರಿದು ಬಾ ಎಂದು. ಮನೆಯ ಅಕ್ಕಿಯನ್ನು ತಿಪ್ಪೆಗೆ ಚೆಲ್ಲಿ, ಬ್ಯಾಂಕಿನಲ್ಲಿ ಸಾಲ ಎತ್ತಿ, ಅದೇ ಅಕ್ಕಿಯಂತೆ ಕಾಣುವ ಬೇರೆ ಅಕ್ಕಿ ತಾ ಎಂದು ಅವಳು ಹೇಳಿದ್ದನ್ನು ನಾನಂತೂ ಕೇಳಿಲ್ಲ. ಲಕ್ಕಮ್ಮ ಬಿಲ್ ಕಳಿಸಿರಲಿಲ್ಲ. ಈ ಡಿಸೈನರ್ ಕಳಿಸಿದ್ದಾರೆ, ಏನೂ ಇಡದ ಗೋಡೆಗೂ ಚದರಡಿಗೆ ಇಷ್ಟು ಎಂದು.

ಕಡಿಮೆಯಲ್ಲಿ ಬಾಳುವುದನ್ನು ನೋಡಬೇಕಾದರೆ ಚಿಂಚೋಳಿಯ ತಾಂಡಾಗಳಿಗೆ ಹೋಗಿ. ಹೈದರಾಬಾದ್, ಪುಣೆ, ಮುಂಬೈಗೆ ಗುಳೆ ಹೊರಟ ಸಂಸಾರದ ಸಾಮಾನು ಒಂದು ಪಾತ್ರೆ ಚೀಲ, ಒಂದು ಹಾಸಿಗೆ ಗಂಟಿನಲ್ಲಿ ಮುಗಿಯುತ್ತದೆ. ಅಂಥವರನ್ನು ಯಾರೂ ಮಿನಿಮಲಿಸ್ಟ್ ಎನ್ನುವುದಿಲ್ಲ. ಊರೂರಲ್ಲಿ ಏಳುವ ಇಂಥ ಮನೆಗಳಿಗೆ ಇಟ್ಟಿಗೆ ಹೊರುವವರು ಅವರೇ.

ಮನೆ ಹೊಸದು ಮಾಡಲು ಹೊರಟವರಲ್ಲಿ ಒಂದು ಮಾತು. ಫರಸಿ ತೆಗೆಯಲೇಬೇಕಿದ್ದರೆ ಬ್ರೇಕರ್ ಹಚ್ಚಬೇಡಿ. ಸಂದಿಯ ಗಾರೆ ಕೆತ್ತಿ, ಹಾರೆಯಿಂದ ನಿಧಾನಕ್ಕೆ ಎಬ್ಬಿಸಿದರೆ ಎಷ್ಟೋ ಕಲ್ಲು ಇಡಿಯಾಗಿ ಬರುತ್ತವೆ. ಅಂಚು ಸರಿ ಮಾಡಿಸಿ, ಮೆಷಿನ್ ಪಾಲಿಶ್ ಹೊಡೆಸಿದರೆ ಮತ್ತೆ ಅದೇ ಪಡಸಾಲೆಗೆ ಹಾಸಬಹುದು. ನಿಮಗೆ ಬೇಡವೇ ಬೇಡವಾದರೆ ಅಂಗನವಾಡಿಯ ಅಂಗಳಕ್ಕೋ ಬೋರ್‌ವೆಲ್ಲಿನ ಕಟ್ಟೆಗೋ ಕೊಟ್ಟುಬಿಡಿ.