ಬೇಡವೆಂದು ನಾನೇಕೆ ಬರೆದುಕೊಡಬೇಕು?

ಕಳೆದ ವರ್ಷ ಒಂದು ಮಧ್ಯಾಹ್ನ ನನ್ನ ಮೊಬೈಲು ಮೂರು ಬಾರಿ ರಿಂಗಣಿಸಿತು. ಮೂರು ಬಾರಿಯೂ ಒಂದೇ ಅಪರಿಚಿತ ಸಂಖ್ಯೆ. ಅಂದು ಬೆಳಗಿನಿಂದ ಆಗಲೇ ನಾಲ್ವರು ನನಗೆ ಸಾಲ ಕೊಡಲು ಮುಂದೆ ಬಂದಿದ್ದರು. ಇವನು ಐದನೆಯವನಿರಬೇಕೆಂದು ಕರೆಯನ್ನು ಕತ್ತರಿಸಿದೆ. ಮರುದಿನ ತಿಳಿಯಿತು: ಕರೆ ಮಾಡಿದ್ದವನು, ಇಪ್ಪತ್ತೆರಡು ವರ್ಷ ನನ್ನೊಡನೆ ಒಂದೇ ಸ್ಟಾಫ್ ರೂಮಿನಲ್ಲಿ ಕುಳಿತಿದ್ದ ಗಣಿತದ ಮೇಷ್ಟರ ಮಗ. ತಂದೆ ತೀರಿಕೊಂಡ ಸುದ್ದಿಯನ್ನು ತಿಳಿಸಲು ಪ್ರಯತ್ನಿಸಿದ್ದ. ನಾನು ಅವರ ಊರು ಮುಟ್ಟುವ ವೇಳೆಗೆ ಚಿತೆ ಆರಿತ್ತು.

"ಗೊತ್ತಿಲ್ಲದ ನಂಬರ್ ಎತ್ತಲೇಬೇಡಿ ಅಪ್ಪ" ಎನ್ನುತ್ತಾಳೆ ಮಗಳು. ನಿಮ್ಮಲ್ಲಿಯೂ ಅನೇಕರು ಮನೆಯ ಹಿರಿಯರಿಗೆ ಇದೇ ಉಪದೇಶ ಮಾಡುತ್ತಿರುವಿರಿ. ಸದುದ್ದೇಶದಿಂದಲೇ ಎಂಬುದನ್ನು ಬಲ್ಲೆ. ಆದರೆ ನಿವೃತ್ತ ಶಿಕ್ಷಕನ ಪಾಲಿಗೆ ಗೊತ್ತಿಲ್ಲದ ಸಂಖ್ಯೆ ಎಂದರೇನು? ಪಾಠ ಹೇಳಿದ ಸಾವಿರಾರು ಮಕ್ಕಳಲ್ಲಿ ಯಾರೋ ಒಬ್ಬರು ಇರಬಹುದು. "ಸಾರ್, ಗುರುತು ಸಿಕ್ಕಿತೇ? ಕೊನೆಯ ಬೆಂಚು!" ಎಂಬ ದನಿ ಇರಬಹುದು. ಕಳ್ಳರಿದ್ದಾರೆಂದು ಬಾಗಿಲಿದ್ದಲ್ಲಿ ಗೋಡೆ ಕಟ್ಟಿಕೊಳ್ಳಬೇಕೆ?

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, 'ಕರೆ ಮಾಡಬೇಡಿ' ಎಂಬ ನೋಂದಣಿಯನ್ನು ತಂದದ್ದು 2007ರಲ್ಲಿ. 2010ರಲ್ಲಿ, ಮತ್ತೆ 2018ರಲ್ಲಿ ಹೊಸ ನಿಯಮಗಳಾದವು. 1909ಕ್ಕೆ 'ಸ್ಟಾರ್ಟ್ 0' ಎಂದು ಸಂದೇಶ ಕಳುಹಿಸಿದರೆ ಎಲ್ಲ ಬಗೆಯ ಜಾಹೀರಾತಿಗೂ ತಡೆ. ನಾನೂ ಕಳುಹಿಸಿದ್ದೇನೆ. ಅದು ನಿಷ್ಪ್ರಯೋಜಕವೆನ್ನುವುದಿಲ್ಲ. ನನ್ನ ತಕರಾರು ಅದರ ಬುಡದಲ್ಲಿದೆ. ನಾನು ಬೇಡವೆಂದು ಬರೆದುಕೊಡುವವರೆಗೆ ಬೇಕೆಂದೇ ಅರ್ಥವೇ? ಏಟು ಬೇಡವೆನ್ನುವ ಮಕ್ಕಳು ಮುಖ್ಯೋಪಾಧ್ಯಾಯರಿಗೆ ಅರ್ಜಿ ಸಲ್ಲಿಸತಕ್ಕದ್ದು, ಉಳಿದವರಿಗೆ ಬೆತ್ತ ಎಂಬ ಸುತ್ತೋಲೆಯನ್ನು ಯಾವ ಶಾಲೆಯಾದರೂ ಹೊರಡಿಸೀತೇ? ಜರ್ಮನಿಯಲ್ಲಿ ಗ್ರಾಹಕನು ಮೊದಲೇ ಸ್ಪಷ್ಟವಾಗಿ ಒಪ್ಪಿದ ಹೊರತು ಜಾಹೀರಾತಿನ ಕರೆ ಕಾನೂನುಬಾಹಿರ. ನಮ್ಮಲ್ಲಿಯೂ ಹಾಗೆಯೇ ಆಗಲಿ. ಸಾಲ ಬೇಕಾದವರು ಹೆಸರು ಬರೆಸಲಿ.

ನೋಂದಾಯಿತ ಮಾರಾಟಗಾರರ ಕರೆಗಳು 140ರಿಂದ ಆರಂಭವಾಗಬೇಕೆಂಬ ನಿಯಮವಿದೆ. ನನ್ನನ್ನು ಮಧ್ಯಾಹ್ನದ ನಿದ್ದೆಯಿಂದ ಎಬ್ಬಿಸುವವರು ಬಹುಪಾಲು ಸಾಮಾನ್ಯ ಹತ್ತಂಕಿ ಸಂಖ್ಯೆಗಳಿಂದ ಬರುತ್ತಾರೆ, ಅದೂ ಹಿಂದಿಯಲ್ಲಿ. (ಪಿಂಚಣಿದಾರನಿಗೆ ವ್ಯಾಪಾರ ವಿಸ್ತರಣೆಗೆಂದು ಇಪ್ಪತ್ತು ಲಕ್ಷ! ಯಾವ ವ್ಯಾಪಾರ ಎಂದು ಕೇಳಿದೆ. ಅವಳೂ ನಕ್ಕಳು, ಪಾಪ.) 2024ರ ಆಗಸ್ಟಿನಲ್ಲಿ ಟ್ರಾಯ್, ಇಂಥ ನೋಂದಾಯಿಸದವರ ಸಂಪರ್ಕಗಳನ್ನೆಲ್ಲ ಕಡಿದು ಎರಡು ವರ್ಷದವರೆಗೆ ಕಪ್ಪುಪಟ್ಟಿಗೆ ಸೇರಿಸಲು ಆದೇಶಿಸಿತು. 2025ರ ತಿದ್ದುಪಡಿಯಿಂದ ಏಳು ದಿನಗಳೊಳಗೆ ದೂರು ಕೊಡಬಹುದು. ಸಂತೋಷ. ಆದರೆ ಬೇಡವೆನ್ನುವ ಹೊಣೆ ನನ್ನದು, ದೂರುವ ಹೊಣೆ ನನ್ನದು, ಕರೆ ಎತ್ತದಿರುವ ಹೊಣೆಯೂ ನನ್ನದೇ! ಆ ಹುಡುಗಿ ಹೊಟ್ಟೆಪಾಡಿಗೆ ಸಂಖ್ಯೆ ಒತ್ತುತ್ತಾಳೆ. ಯಾರ ಸಾಲ, ಯಾರ ನಿವೇಶನ ಮಾರಾಟವಾಗುತ್ತಿದೆಯೋ ಅವರು "ನಮ್ಮ ಏಜೆಂಟರ ತಪ್ಪು" ಎಂದು ಕೈತೊಳೆದುಕೊಳ್ಳುತ್ತಾರೆ. ದಂಡದ ರಸೀದಿ ತಲುಪಬೇಕಾದ್ದು ಅವರ ಮೇಜಿಗೆ.

ಪೊಲೀಸರೆಂದು ಹೇಳಿಕೊಂಡು 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸುವವರ ವಿಷಯ ಬೇರೆ. ನಮ್ಮ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. ಫೋನಿಟ್ಟುಬಿಡಿ. ಹಣ ಹೋಗಿದ್ದರೆ ನಾಚಿಕೆಪಟ್ಟು ಕೂರದೆ ಆ ಕ್ಷಣವೇ 1930ಕ್ಕೆ ಕರೆ ಮಾಡಿ.

ಮೇಷ್ಟರ ವೈಕುಂಠ ಸಮಾರಾಧನೆಗೆ ಹೋಗಿದ್ದಾಗ ಅವರ ಮಗ ಏನೂ ಆಡಲಿಲ್ಲ. "ನೀವು ಬ್ಯುಸಿ ಇರಬಹುದು ಅಂದುಕೊಂಡೆ ಸಾರ್" ಎಂದಷ್ಟೇ ಹೇಳಿದ. ಅಂದಿನಿಂದ ನಾನು ಎಲ್ಲ ಕರೆಗಳನ್ನೂ ಸ್ವೀಕರಿಸುತ್ತಿದ್ದೇನೆ, ಮಗಳು ಬೈದರೂ. ನೀವು ಹೊಸ ಸಂಖ್ಯೆಯಿಂದ ಕರೆ ಮಾಡುವುದಾದರೆ, ಮೊದಲು ಹೆಸರು ಮತ್ತು ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷವನ್ನು ಒಂದು ಸಂದೇಶದಲ್ಲಿ ಬರೆದು ಕಳುಹಿಸಿ. ಮರೆತರೂ ಚಿಂತೆಯಿಲ್ಲ, ಎತ್ತುತ್ತೇನೆ. ಆದರೆ ಮೊದಲ "ಹಲೋ" ಸ್ವಲ್ಪ ಗಡುಸಾಗಿದ್ದರೆ ಬೇಸರಿಸಿಕೊಳ್ಳಬೇಡಿ.