ಚಿಗರಿ ಇಲ್ಲಿ, ಚಿಗರಿಯ ಓದು ಎಲ್ಲಿ?

ಬೀದರ ಸುತ್ತಿನ ಹೊಲಗಳಲ್ಲಿ, ಔರಾದ ಕಡೆಯ ಬಯಲಿನಲ್ಲಿ ಚಿಗರಿ ಹಿಂಡು ಕಾಣುವುದು ಹೊಸ ಸುದ್ದಿಯೇನಲ್ಲ. ಪುಸ್ತಕದಲ್ಲಿ ಇದಕ್ಕೆ ಕೃಷ್ಣಮೃಗ ಎಂದು ಹೆಸರು. ಬಸ್ಸಿನಲ್ಲಿ ಹೋಗುವ ಮಂದಿ ‘ನೋಡ್ರಿ, ನೋಡ್ರಿ’ ಅಂತ ಕಿಟಕಿಯಾಚೆ ಕೈ ತೋರಿಸುತ್ತಾರೆ. ಹೊಲದ ಯಜಮಾನ ಮಾತ್ರ ತಲೆಯ ಮೇಲೆ ಕೈ ಹೊತ್ತು ಕೂರುತ್ತಾನೆ. ಸೋಯಾ, ಉದ್ದು, ಕಡಲೆ ಎಳೆ ಚಿಗುರು ಬಿಟ್ಟ ವಾರದಲ್ಲೇ ಹಿಂಡು ಇಳಿದರೆ ಮತ್ತೆ ಬಿತ್ತಲು ಬೀಜ ಎಲ್ಲಿಂದ ತರಬೇಕು? ಅವನು ಅಂಗಡಿಗೆ ಬಂದು ಉದ್ರಿ ಕೇಳುತ್ತಾನೆ. ಹಳೆಯ ಬಾಕಿ ಹಾಗೇ ಉಳಿಯುತ್ತದೆ. ಆದ್ದರಿಂದ ಇದು ಕಾಡಿನ ಮಾತಷ್ಟೇ ಅಲ್ಲ, ಪೇಟೆಯ ಮಾತೂ ಹೌದು.

ಹೊಡೆಯೋಣ ಎಂದರೆ ಕಾನೂನು ಬಿಡುವುದಿಲ್ಲ, ಬಿಡಲೂಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿ ಕೃಷ್ಣಮೃಗ ಸೇರಿದೆ. ಕೊಂದವನಿಗೆ 3ರಿಂದ 7 ವರ್ಷ ಜೈಲು. 2022ರ ತಿದ್ದುಪಡಿಯ ನಂತರ ದಂಡ 25,000 ರೂಪಾಯಿಗೆ ಕಡಿಮೆ ಇಲ್ಲ. ಏನು ಮಾಡಬಾರದು ಎಂಬುದನ್ನು ಕಾಯ್ದೆ ಹೇಳಿತು. ಏನು ಮಾಡಬೇಕು ಎಂಬುದನ್ನು ಹೇಳುವವರು ಯಾರು?

ಅದನ್ನು ಹೇಳಲು ಓದಿದವರು ಬೇಕು. ವನ್ಯಜೀವಿ ವಿಷಯದ ಎಂ.ಎಸ್ಸಿ. ಎಂದರೆ ಜೀಪಿನಲ್ಲಿ ಕೂತು ಫೋಟೋ ಹೊಡೆಯುವುದು ಅಂತ ಹಲವರು ತಿಳಿದಿದ್ದಾರೆ. ಅದು ತಪ್ಪು ತಿಳುವಳಿಕೆ. ನೇರ ಗೆರೆ ಹಿಡಿದು ಬಿಸಿಲಲ್ಲಿ ನಡೆದು, ಕಂಡ ಪ್ರಾಣಿ ಎಷ್ಟು ದೂರದಲ್ಲಿತ್ತು ಎಂದು ಅಳೆದು, ಲೆಕ್ಕಶಾಸ್ತ್ರದಿಂದ ಒಟ್ಟು ಸಂಖ್ಯೆ ತೆಗೆಯುವುದನ್ನು ಅಲ್ಲಿ ಕಲಿಸುತ್ತಾರೆ. ಹಿಕ್ಕೆ ಪರೀಕ್ಷಿಸಿ ಏನು ತಿಂದಿದೆ ಎಂದು ತಿಳಿಯುವುದು, ನಕಾಶೆ ಮಾಡುವುದು, ರೈತನ ಜೊತೆ ಕಟ್ಟೆಯ ಮೇಲೆ ಕೂತು ನಷ್ಟ ಬರೆದುಕೊಳ್ಳುವುದು ಎಲ್ಲವೂ ಆ ಓದಿನ ಭಾಗವೇ.

ಓದಿಲ್ಲದೆ ಮಾಡಿದ ಒಳ್ಳೆಯ ಕೆಲಸವೂ ಕೆಡಬಹುದು. ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಕ್ಕೆಂದೇ 1974ರಲ್ಲಿ ಅಭಯಾರಣ್ಯವಾಯಿತು. ಅದರ ಬಹುಭಾಗದಲ್ಲಿ ಇದ್ದದ್ದು ನೆಟ್ಟು ಬೆಳೆಸಿದ ನೀಲಗಿರಿ. ಚಿಗರಿ ದಟ್ಟ ಗಿಡಗಳ ನಡುವೆ ಬಾಳುವ ಪ್ರಾಣಿಯಲ್ಲ. ದೂರಕ್ಕೆ ಕಣ್ಣು ಹಾಯುವ ಹುಲ್ಲು ಬಯಲು ಅದಕ್ಕೆ ಬೇಕು. ಅಂಥ ಬಯಲನ್ನೇ ದಫ್ತರದಲ್ಲಿ ‘ಬಂಜರು’ ಎಂದು ಬರೆದು, ಸಸಿ ನೆಟ್ಟು, ‘ಹಸಿರಾಯಿತು’ ಎಂದು ಬೆನ್ನು ತಟ್ಟಿಕೊಂಡರೆ ಹಿಂಡು ಹೋಗುವುದು ಎಲ್ಲಿಗೆ? ಪಕ್ಕದ ಕಡಲೆ ಹೊಲಕ್ಕೇ ಅಲ್ಲವೇ?

ಇನ್ನು ಈ ಓದು ಸಿಗುವುದು ಎಲ್ಲಿ? ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ 2004ರಲ್ಲಿ ಇಂಥ ಎಂ.ಎಸ್ಸಿ. ಶುರುವಾಯಿತು. ದೇಶದ ಎಲ್ಲ ಕಡೆಯವರು ಪರೀಕ್ಷೆ ಬರೆಯುತ್ತಾರೆ; ಒಂದು ತಂಡಕ್ಕೆ ಸೀಟು ಹದಿನೈದರ ಆಸುಪಾಸು. ಡೆಹರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ 1988ರಲ್ಲೇ ಆರಂಭಿಸಿತು. ನಮ್ಮ ರಾಜ್ಯದ ಕುವೆಂಪು ವಿಶ್ವವಿದ್ಯಾಲಯದಲ್ಲೂ ವನ್ಯಜೀವಿ ವಿಭಾಗವಿದೆ, ಅದು ಶಂಕರಘಟ್ಟದಲ್ಲಿ. ಭಾಲ್ಕಿಯಲ್ಲಿ ಬಿ.ಎಸ್ಸಿ. ಮುಗಿಸಿದ ಹುಡುಗಿ ಇಲ್ಲಿನ ಪ್ರಾಣಿಯ ವಿಷಯ ಓದಲು ಐದುನೂರು ಕಿಲೋಮೀಟರಿಗೂ ಹೆಚ್ಚು ದೂರ ಹೋಗಬೇಕು. ಎಷ್ಟು ಮನೆಯವರು ಕಳಿಸಿಯಾರು?

ಹಾಗೆಂದು ಜಿಲ್ಲೆಯಲ್ಲಿ ಏನೂ ಇಲ್ಲವೆಂದಲ್ಲ. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಇರುವುದು ಬೀದರದಲ್ಲೇ. ಆದರೆ ಅದರ ವನ್ಯಜೀವಿ ವೈದ್ಯಕೀಯ ಸಂಶೋಧನಾ ಸಂಸ್ಥೆ ಇರುವುದು ಕೊಡಗಿನಲ್ಲಿ! ಭಾಲ್ಕಿ ತಾಲೂಕಿನ ಹಾಲಹಳ್ಳಿಯಲ್ಲಿ ಬೀದರ ವಿಶ್ವವಿದ್ಯಾಲಯವಿದೆ. ಹೊನ್ನಿಕೇರಿಯ ಕಾಯ್ದಿಟ್ಟ ಅರಣ್ಯವಿದೆ, ಕಾರಂಜಾ ಜಲಾಶಯವಿದೆ. ಪಕ್ಕದ ಚಿಂಚೋಳಿಯಲ್ಲಿ 2011ರಿಂದ ವನ್ಯಜೀವಿ ಧಾಮವಿದೆ. 2023ರ ಮೇ ತಿಂಗಳಲ್ಲಿ ಅರಣ್ಯ ಖಾತೆ ವಹಿಸಿಕೊಂಡವರು ಭಾಲ್ಕಿಯ ಶಾಸಕ ಈಶ್ವರ ಖಂಡ್ರೆ. ಇಷ್ಟೆಲ್ಲ ಇದ್ದೂ ಒಂದು ಕೋರ್ಸು ಇಲ್ಲಿಗೆ ಭಾರವೇ?

ಇನ್ನೊಂದು ಲಾಭವನ್ನೂ ಮರೆಯಬಾರದು. 371(ಜೆ) ನಿಯಮದಂತೆ ಈ ಭಾಗದ ಸಂಸ್ಥೆಗಳಲ್ಲಿ ಶೇ. 70 ಸೀಟು ಕಲ್ಯಾಣ ಕರ್ನಾಟಕದ ಮಕ್ಕಳಿಗೆ; ರಾಜ್ಯದ ಉಳಿದ ಭಾಗದಲ್ಲಿ ಶೇ. 8 ಮಾತ್ರ. ಕೇಂದ್ರದ ಸಂಸ್ಥೆಗಳಿಗೆ ಆ ನಿಯಮವೇ ತಾಕುವುದಿಲ್ಲ. ಹಾಲಹಳ್ಳಿಯಲ್ಲಿ ಕೋರ್ಸು ತೆರೆದರೆ ಇಲ್ಲಿನ ಮಕ್ಕಳಿಗೆ ಎಷ್ಟು ಸಿಕ್ಕೀತು, ಲೆಕ್ಕ ಹಾಕಿರಿ.

‘ಅದನ್ನ ಓದಿ ಏನ್ ಮಾಡ್ತಾನ?’ ಎಂದು ಹೆತ್ತವರು ಕೇಳುವುದು ಸಹಜ. ನೌಕರಿ ಸಾಲುಗಟ್ಟಿ ನಿಂತಿಲ್ಲ, ಅದು ನಿಜ. ಆದರೆ ಪ್ರಾಣಿಶಾಸ್ತ್ರದಲ್ಲಿ ಪದವಿ ಪಡೆದವರು ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೆ ಕೂರಬಹುದು. ಮುಂದಿನ ಓದು ಅಲ್ಲಿಯೂ ಕೈ ಹಿಡಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಔರಾದ ರೈತನ ಜೊತೆ ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಮಾತಾಡಬಲ್ಲವರು ಇಲ್ಲಿ ಹುಟ್ಟಿ ಬೆಳೆದ ಮಕ್ಕಳೇ. ಹೊರಗಿನಿಂದ ಬಂದವರು ಒಂದು ಹಂಗಾಮು ನೋಡಿ ಹೋದಾರು. ಇಲ್ಲಿಯವರು ಹತ್ತು ಹಂಗಾಮು ಲೆಕ್ಕ ಇಟ್ಟಾರು.

ಎರಡೂ ವಿಶ್ವವಿದ್ಯಾಲಯಗಳು ಕೂಡಿ ಹುಲ್ಲುಗಾವಲಿನ ವನ್ಯಜೀವಿ ಕುರಿತು ಒಂದು ಸ್ನಾತಕೋತ್ತರ ಕೋರ್ಸು ತೆರೆಯಲಿ. ಅರಣ್ಯ ಇಲಾಖೆ ಹೊನ್ನಿಕೇರಿಯಲ್ಲಿ ವಿದ್ಯಾರ್ಥಿಗಳ ಅಭ್ಯಾಸಕ್ಕೆ ಅವಕಾಶ ಕೊಡಲಿ. ಅವರ ಮೊದಲ ಪ್ರಬಂಧ ಔರಾದ ತಾಲೂಕಿನ ಬೆಳೆನಷ್ಟದ ಮೇಲೆಯೇ ಬರಲಿ. ಮುಂದಿನ ಶೈಕ್ಷಣಿಕ ವರ್ಷಕ್ಕೆ ಮುನ್ನ ಸಂಬಂಧಪಟ್ಟವರು ಇದಕ್ಕೆ ಉತ್ತರ ಹೇಳಬೇಕು.