ಮೊಹರಿಲ್ಲದ ಓಲೆ

ಕಳೆದ ಜೂನ್ ತಿಂಗಳಲ್ಲಿ ನಮ್ಮ ಕಾಲೇಜಿನ ಕಚೇರಿಗೆ ವೃದ್ಧರೊಬ್ಬರು ಬಂದರು. ಅವರ ಮಗಳಿಗೆ ಸೀಟು ದೊರೆತ ಸಂಗತಿಯನ್ನು ಈ-ಮೇಲ್ ಮೂಲಕ ತಿಳಿಸಿದ್ದೆವು. ಹಣ ಕಟ್ಟುವ ಗಡುವು ಹಿಂದಿನ ದಿನವೇ ಮುಗಿದಿತ್ತು. “ನಮಗೆ ಯಾವ ಕಾಗದವೂ ಬರಲಿಲ್ಲ, ಸ್ವಾಮಿ” ಎಂದರು. “ಕಳಿಸಿದ್ದೇವಲ್ಲ, ನೋಡಿ” ಎಂದರು ಗುಮಾಸ್ತರು. ಇಬ್ಬರದೂ ನಿಜವೇ! ನಾನು ಅವರ ಫೋನನ್ನು ಪಡೆದು ಸ್ಪ್ಯಾಮ್ ಎಂಬ ಕಸದ ಬುಟ್ಟಿಯನ್ನು ತೆರೆದೆ. ಲಾಟರಿ, ಸಾಲ, ಕೂದಲು ಬೆಳೆಸುವ ತೈಲ—ಇವುಗಳ ನಡುವೆ ನಮ್ಮ ಪ್ರಿನ್ಸಿಪಾಲರ ಪತ್ರ ಸಾಧುವಿನಂತೆ ಕುಳಿತಿತ್ತು.

ಕನ್ನಡದ ಮೇಷ್ಟರಿಗೆ ಈ ಉಸಾಬರಿ ಏಕೆಂದು ಕೇಳಬೇಡಿ. ಕಂಪ್ಯೂಟರಿನಲ್ಲಿ ಕನ್ನಡ ಟೈಪು ಮಾಡಬಲ್ಲೆನೆಂಬ ಒಂದೇ ಅಪರಾಧಕ್ಕಾಗಿ ಕಾಲೇಜಿನ ಮೇಲ್ ಸರ್ವರನ್ನು ನನ್ನ ಕೊರಳಿಗೆ ಕಟ್ಟಿದ್ದಾರೆ.

ದೋಷದ ಮೂಲ ಹಳೆಯದು. 1982ರಲ್ಲಿ ಜಾನ್ ಪೋಸ್ಟೆಲ್ ಬರೆದ ಎಸ್‌ಎಂಟಿಪಿ ನಿಯಮಾವಳಿಯಲ್ಲಿ, ಕಳುಹಿಸಿದವರು ನಿಜವಾಗಿ ಯಾರೆಂದು ಪರೀಕ್ಷಿಸುವ ಏರ್ಪಾಡೇ ಇರಲಿಲ್ಲ. ಲಕೋಟೆಯ ಮೇಲೆ ಯಾರ ಹೆಸರನ್ನು ಬರೆದರೂ ಅಂಚೆಯವನು ಒಯ್ಯುವನಷ್ಟೆ? ವಂಚಕರು ಹೆಚ್ಚಿದ ತರುವಾಯ ಸ್ವೀಕರಿಸುವವರು ಗುರುತು ಕೇಳತೊಡಗಿದರು. 2024ರ ಫೆಬ್ರವರಿಯಿಂದ ಜೀಮೇಲ್ ಅದನ್ನು ಕಡ್ಡಾಯವಾಗಿಯೇ ವಿಧಿಸಿತು.

ಗುರುತುಗಳಲ್ಲಿ ಮೊದಲನೆಯದು ಎಸ್‌ಪಿಎಫ್. ಇಂತಿಂಥ ಸರ್ವರುಗಳಷ್ಟೇ ನಮ್ಮ ಪರವಾಗಿ ಪತ್ರ ಕಳುಹಿಸಬಹುದೆಂದು ನಮ್ಮ ಡಿಎನ್‌ಎಸ್ ದಾಖಲೆಯಲ್ಲಿ ಬಹಿರಂಗವಾಗಿ ಸಾರುವ ಒಂದು ಸಾಲು. ಬೇಸಿಗೆ ರಜೆಯಲ್ಲಿ ನಾವು ಸರ್ವರನ್ನು ಬದಲಿಸಿದ್ದೆವು; ಸಾಲಿನಲ್ಲಿ ಮಾತ್ರ ಹಳೆಯ ಸರ್ವರಿನ ಐಪಿ ಸಂಖ್ಯೆಯೇ ಉಳಿದಿತ್ತು. ಮನೆ ಬದಲಿಸಿ ಬಾಗಿಲ ಫಲಕವನ್ನು ಮರೆತಂತೆ! ಎರಡನೆಯದು ಡಿಕೆಐಎಂ, ಅಂದರೆ ಪ್ರತಿ ಪತ್ರಕ್ಕೂ ಸರ್ವರು ಒತ್ತುವ ಮೊಹರು. ಒತ್ತುವ ಗುಪ್ತ ಕೀಲಿ ನಮ್ಮಲ್ಲಿ, ಪರೀಕ್ಷಿಸುವ ಕೀಲಿ ಡಿಎನ್‌ಎಸ್‌ನಲ್ಲಿ. ಇದನ್ನು ನಾವು ಮಾಡಿಯೇ ಇರಲಿಲ್ಲ.

ಇವೆರಡೂ ಒಂದು ಸಂಜೆಯ ಕೆಲಸ. ನನ್ನನ್ನು ಕಾಡಿದ್ದು ಮೂರನೆಯದು. ಐಪಿ ಸಂಖ್ಯೆಯನ್ನು ಹಿಡಿದು ಹೆಸರು ಕೇಳಿದರೆ ನಮ್ಮ ಸರ್ವರಿನ ಹೆಸರೇ ಬರಬೇಕು. ಆ ಹೆಸರನ್ನು ಕೇಳಿದರೆ ಮರಳಿ ಅದೇ ಸಂಖ್ಯೆ ಬರಬೇಕು. ಆದರೆ ಈ ಪಿಟಿಆರ್ ದಾಖಲೆಯನ್ನು ಬರೆಯುವ ಅಧಿಕಾರ ನಮ್ಮದಲ್ಲ, ಸಂಖ್ಯೆಯನ್ನು ಬಾಡಿಗೆಗೆ ಕೊಟ್ಟವರದು. ಅವರನ್ನು ಮೂರು ದಿನ ಅಂಗಲಾಚಿದೆ. ಕೊನೆಗೆ ಡಿಮಾರ್ಕ್ ಎಂಬ ಇನ್ನೊಂದು ಸಾಲನ್ನು ಸೇರಿಸಿ, ನನಗೇ ಒಂದು ಪತ್ರ ಕಳುಹಿಸಿ, ಅದರ ಮೂಲರೂಪವನ್ನು ತೆರೆದು ನೋಡಿದೆ. ಎಲ್ಲವೂ ‘ಪಾಸ್’! ಎಂ.ಎ. ಫಲಿತಾಂಶದ ದಿನವೂ ನಾನು ಅಷ್ಟು ಹಿಗ್ಗಿರಲಿಲ್ಲ.

ಪ್ರಿನ್ಸಿಪಾಲರು ಗಡುವನ್ನು ಒಂದು ವಾರ ಮುಂದಕ್ಕೆ ಹಾಕಿದರು. ಆ ಹುಡುಗಿ ಈಗ ನನ್ನ ತರಗತಿಯಲ್ಲಿ ಎರಡನೆಯ ಬೆಂಚಿನಲ್ಲಿ ಕುಳಿತುಕೊಳ್ಳುತ್ತಾಳೆ. ಹಣ ಕಟ್ಟದಿದ್ದ ಉಳಿದವರಿಗೆಲ್ಲ ಫೋನ್ ಮಾಡಿದೆವು. ಅವರಲ್ಲಿ ಇಬ್ಬರು ಅಷ್ಟರಲ್ಲಾಗಲೇ ಬೇರೆ ಕಡೆ ಸೇರಿಬಿಟ್ಟಿದ್ದರು.